ಹೊಸ್ತಿಲು ದಾಟುವ ತನಕ

ಗೋಡೆಗೂ ಕಿವಿಯುಂಟು ಎಂಬ ಗಾದೆಯನ್ನು ನಾನು ಒಪ್ಪುತ್ತಿದ್ದದ್ದು ಒಂದೇ ಅರ್ಥದಲ್ಲಿ. ಪುಣೆಯ ಹಳೆಯ ಪೇಠೆಗಳಲ್ಲಿ ಯಾವ ಗೋಡೆಯ ಆಚೆ ನೋಡಿದರೂ ಒಬ್ಬ ಬಾಡಿಗೆದಾರ ಇದ್ದೇ ಇರುತ್ತಾನೆ. ಅದನ್ನು ಬಿಟ್ಟು, ಮನೆಯೇ ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದೆ. ದೇವರನ್ನು ನಂಬುವವನೇ ನಾನು; ಸಂಧ್ಯಾವಂದನೆ ತಪ್ಪಿಸಿದ್ದು ಕಡಿಮೆ. ಆದರೆ ತೊಲೆ, ಕಂಬ, ಸುಣ್ಣ, ಗಾರೆಗಳ ಉಸಾಬರಿ ದೇವರಿಗಿಲ್ಲ, ಅದು ನನ್ನಂಥವರಿಗೆ ಬಿಟ್ಟ ಕೆಲಸ ಎಂದು ಗಟ್ಟಿಯಾಗಿ ತಿಳಿದಿದ್ದೆ. ಈಗ ಹಾಗೆ ತಿಳಿದಿದ್ದೇನೆಯೇ ಎಂದು ಕೇಳಿದರೆ ಹೌದೆನ್ನಲಾರೆ, ಅಲ್ಲವೆನ್ನಲೂ ಆರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಓದಿದವರು ನಕ್ಕರೆ ನನಗೆ ಬೇಸರವಿಲ್ಲ, ನಾನೂ ನಕ್ಕವನೇ.

ಎರಡನೆಯ ಮಹಾಯುದ್ಧದ ಕಾಲ. ನಾನು ಧಾರವಾಡದ ಕಡೆಯವನು. ಸರಕಾರದಲ್ಲಿ ಓವರ್ಸಿಯರ್ ಆಗಿದ್ದೆ. ಮೇಲಿನವರ ಸಂಗಡ ಜಗಳಾಡಿ ಕೆಲಸ ಬಿಟ್ಟು ಪುಣೆಯಲ್ಲಿ ನೆಲೆಸಿದ್ದೆ. ಅಲ್ಲಿಯ ಒಂದು ಪೇಠೆಯ ಮನೆ ಮಾಲೀಕರು ಕೂಡಿ ಸಣ್ಣದೊಂದು ಮಂಡಳಿ ಮಾಡಿಕೊಂಡಿದ್ದರು. ಎಲ್ಲವೂ ಅಜ್ಜ ಮುತ್ತಜ್ಜರ ಕಾಲದ ವಾಡೆಗಳು: ನಡುವೆ ಚೌಕ, ಸುತ್ತ ಎರಡಂತಸ್ತು, ಸಾಗವಾನಿ ಕಂಬಗಳು, ಇಟ್ಟಿಗೆ ಮತ್ತು ಮಣ್ಣಿನ ಗೋಡೆ. ಮಳೆಗಾಲ ಬಂತೆಂದರೆ ಎಲ್ಲಾದರೂ ಒಂದು ಕುಸಿಯುವುದು, ಕುಸಿಯುವ ಮೊದಲೇ ನಗರಸಭೆಯವರು ಬಂದು ಬಾಗಿಲಿಗೆ ನೋಟೀಸು ಅಂಟಿಸಿ ಎಲ್ಲರನ್ನೂ ಹೊರಗೆ ಹಾಕುವುದು. ಹಾಗಾಗಬಾರದೆಂದು ಮಂಡಳಿಯವರು ನನ್ನನ್ನು ಇಟ್ಟುಕೊಂಡರು. ಬೇಸಿಗೆಯಲ್ಲಿ ಮನೆಮನೆಗೆ ಹೋಗಿ ಯಾವ ತೊಲೆ ಗಟ್ಟಿ, ಯಾವುದು ಟೊಳ್ಳು, ಎಲ್ಲಿ ಆಸರೆ ಕೊಡಬೇಕು, ಯಾವುದನ್ನು ಬದಲಿಸಬೇಕು ಎಂದು ಹೇಳುವುದು ನನ್ನ ಕೆಲಸ. ಒಂದು ಸಣ್ಣ ಸುತ್ತಿಗೆ, ಒಂದು ಉದ್ದನೆಯ ದಬ್ಬಣ, ಒಂದು ತೂಗುಗುಂಡು, ಇಷ್ಟೇ ನನ್ನ ಬಂಡವಾಳ. ಕಾಲಲ್ಲಿ ಚಕ್ರ ಕಟ್ಟಿಕೊಂಡವನಂತೆ ತಿರುಗುತ್ತಿದ್ದೆ. ಒಂದೆಡೆ ಕೂಡ್ರುವುದು ನನ್ನ ಜಾತಕದಲ್ಲೇ ಇಲ್ಲ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಈ ಕೆಲಸದಲ್ಲಿ ನನಗೊಂದು ತಮಾಷೆಯ ಪದ್ಧತಿ ಗಂಟುಬಿದ್ದಿತು. ಮನೆ ಕಟ್ಟುವಾಗ ಆಗ್ನೇಯ ಮೂಲೆಯಲ್ಲಿ ವಾಸ್ತುಪುರುಷನ ಸಣ್ಣ ಪ್ರತಿಮೆಯನ್ನು ಹೂಳುತ್ತಾರಷ್ಟೆ. ಅವನು ನೆಲದಡಿಯಲ್ಲಿ ಬೋರಲು ಮಲಗಿಕೊಂಡು, ಮನೆಯೊಳಗೆ ಆಡಿದ ಮಾತಿಗೆಲ್ಲ ‘ತಥಾಸ್ತು’ ಅನ್ನುತ್ತಾನೆ ಎಂದು ನಮ್ಮ ಕಡೆಯೂ ನಂಬಿಕೆ, ಮರಾಠಿಗರಲ್ಲೂ ನಂಬಿಕೆ. ಒಳ್ಳೆಯ ಮಾತು, ಕೆಟ್ಟ ಮಾತು ಎಂದು ಅವನು ನೋಡುವುದಿಲ್ಲ. ನನ್ನದಾದರೋ ಕೆಟ್ಟ ಮಾತನ್ನೇ ಆಡುವ ಉದ್ಯೋಗ. ‘ಇದು ಬೀಳುತ್ತದೆ, ಅದು ಕೊಳೆತಿದೆ’ ಎಂದು ನಾನು ಒಳಗೆ ಅಂದುಬಿಟ್ಟರೆ ಗತಿಯೇನು? ಅದಕ್ಕೇ ನಾನು ದಬ್ಬಣ ಚುಚ್ಚುತ್ತಿದ್ದ ಹಾಗೆ ಮಾಲೀಕರು ತುಟಿಯ ಮೇಲೆ ಬೆರಳಿಟ್ಟು, ನನ್ನ ರಟ್ಟೆ ಹಿಡಿದು ಓಣಿಗೆ ಕರೆದೊಯ್ಯುತ್ತಿದ್ದರು. ಓಣಿಯಲ್ಲಿ ಟಾಂಗಾಗಳ ಗದ್ದಲ, ನಳದ ಹತ್ತಿರ ಹೆಂಗಸರ ಜಗಳ. ನಾನು ಗಂಟಲು ಹರಿದುಕೊಂಡು ಕೂಗಿ ಹೇಳಬೇಕು. ವಾಸ್ತುಪುರುಷನಿಗೆ ತಿಳಿಯದಿರಲೆಂದು ಮುಚ್ಚಿಟ್ಟ ಸುದ್ದಿ ಇಡೀ ಪೇಠೆಗೆ ತಿಳಿಯುತ್ತಿತ್ತು. ಇದನ್ನು ನಾನು ಎಷ್ಟು ಸಲ ಆಡಿ ತೋರಿಸಿ ಗೆಳೆಯರನ್ನು ನಗಿಸಿದ್ದೇನೋ ಲೆಕ್ಕವಿಲ್ಲ.

ನಮ್ಮ ಮಂಡಳಿಯಲ್ಲಿ ತುಳಸಾಬಾಯಿ ಎಂಬ ವಿಧವೆಯೊಬ್ಬರಿದ್ದರು. ವಿಜಾಪುರದ ಕಡೆಯವರು. ಗಂಡ ಪುಣೆಯಲ್ಲಿ ಅರಿವೆ ವ್ಯಾಪಾರ ಮಾಡಿ, ಒಂದು ಹಳೆಯ ವಾಡೆ ಕೊಂಡು, ಅದನ್ನು ಹೆಂಡತಿಗೆ ಬಿಟ್ಟು ತೀರಿಕೊಂಡಿದ್ದರು. ಮಾತಿನಲ್ಲಿ ಖಡಕ್ಕು, ಕೈಯಲ್ಲಿ ಧಾರಾಳ. ನನಗೆ ಕನ್ನಡ ಮಾತಾಡಲು ಸಿಗುತ್ತಿದ್ದ ಕೆಲವೇ ಮನೆಗಳಲ್ಲಿ ಅವರದೊಂದು. ನಾನು ಅವರನ್ನು ಕಾಕೂ ಎಂದೇ ಕರೆಯುತ್ತಿದ್ದೆ. ಆ ವರ್ಷ ಅವರ ಒಬ್ಬಳೇ ಮಗಳು ಕುಸುಮಾ ಹೆರಿಗೆಗೆ ಬಂದಿದ್ದಳು. ಅವಳ ಗಂಡ ಇಂದಾಪುರದಲ್ಲಿ ಶಾಲಾ ಮಾಸ್ತರ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ದಾಕ್ತರಬಾಯಿ, ಹೆರಿಗೆಯಾಗುವ ತನಕ ಹುಡುಗಿ ಮಂಚದಿಂದ ಕಾಲು ಕೆಳಗಿಡಕೂಡದು, ಮನೆಯಲ್ಲಿ ದಡಬಡ ಆಗಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು.

ಮೃಗಶಿರ ಮಳೆ ಶುರುವಾದ ಮೇಲೆ ತುಳಸಾಬಾಯಿ ನನ್ನನ್ನು ಕರೆಸಿದರು. ಕುಸುಮಾ ಮಲಗಿದ್ದ ಕೋಣೆಯ ಗೋಡೆಯಿಂದ ಮಣ್ಣು ಉದುರುತ್ತಿದೆ ಎಂದರು. ಅದು ಚೌಕಕ್ಕೆ ಹತ್ತಿದ ಒಳಕೋಣೆ, ಗಾಳಿ ಹೊಗದಷ್ಟು ಬೆಚ್ಚಗಿನದು. ಹುಡುಗಿಯ ಮಂಚದ ನೇರಕ್ಕೆ ಮೇಲೆ ದಪ್ಪನೆಯ ತೊಲೆ. ಅದರ ಒಂದು ತುದಿ ಚೌಕದ ಕಡೆಯ ಕಂಬದ ಮೇಲೆ ಗಟ್ಟಿಯಾಗಿ ಕೂತಿತ್ತು. ಇನ್ನೊಂದು ತುದಿ ಹೊರಗೋಡೆಯೊಳಗೆ ಹುದುಗಿದ್ದ ಕಂಬದ ಮೇಲೆ. ಅಲ್ಲಿ ದಬ್ಬಣ ಚುಚ್ಚಿದೆ. ಹಿಡಿಯ ತನಕ ಹೋಯಿತು. ಕಂಬವನ್ನೂ ತೊಲೆಯ ತುದಿಯನ್ನೂ ಗೆದ್ದಲು ತಿಂದು ಹಿಟ್ಟು ಮಾಡಿತ್ತು. ಆ ತೊಲೆಯ ಮೇಲೆ ಮಾಳಿಗೆ, ಮಾಳಿಗೆಯಲ್ಲಿ ಬಾಡಿಗೆಗಿದ್ದ ಒಬ್ಬ ಮಾಸ್ತರರ ಸಂಸಾರ. ಕುಸುಮಾ ಮಲಗಿದಲ್ಲಿಂದಲೇ ನನ್ನ ಮುಖ ನೋಡಿದಳು. ನಾನು ಏನೂ ಆಗದವನ ಹಾಗೆ ದಬ್ಬಣ ಒರೆಸಿ ಚೀಲಕ್ಕೆ ಹಾಕಿದೆ.

ಓಣಿಗೆ ಬಂದು ತುಳಸಾಬಾಯಿಗೆ ಎಲ್ಲ ಹೇಳಿದೆ. ಹುಡುಗಿಯನ್ನು ಬೇರೆ ಕೋಣೆಗೆ ಒಯ್ಯಬೇಕು ಎಂದೆ. ಮಂಚ ಆ ಬಾಗಿಲಲ್ಲಿ ಹಾಯುತ್ತಿರಲಿಲ್ಲ, ಹುಡುಗಿಯನ್ನು ಎತ್ತಿ ಇಳಿಸಬೇಕು. ದಾಕ್ತರಬಾಯಿಯನ್ನು ಕೇಳಿದರೆ, ಎತ್ತಿದರೆ ಹೊಣೆ ನನ್ನದಲ್ಲ ಎಂದುಬಿಟ್ಟರು. ಮೇಲಿನವರನ್ನು ಬಿಡಿಸೋಣವೆಂದರೆ ಯುದ್ಧದ ಗದ್ದಲಕ್ಕೆ ಪುಣೆಯಲ್ಲಿ ಒಂದು ಕೋಣೆಯೂ ಖಾಲಿ ಇರಲಿಲ್ಲ. ಹೊಸ ತೊಲೆ ಹಾಕೋಣವೆಂದರೆ ಸಾಗವಾನಿಯೆಲ್ಲ ಸೈನ್ಯದ ಪಾಲಾಗುತ್ತಿತ್ತು, ಕಬ್ಬಿಣಕ್ಕೆ ಪರವಾನಗಿ ಬೇಕು. ಕೊನೆಗೆ ನಾನು ಬಡಗಿಯನ್ನು ಕರೆದುಕೊಂಡು ಹೋಗಿ ತೊಲೆಯ ಕೆಳಗೆ ಎರಡು ಆಸರೆಗಂಬ ನಿಲ್ಲಿಸಿದೆ. ಆಸರೆಗಂಬದ ಬುಡಕ್ಕೆ ಬೆಣೆ ಹೊಡೆದು ಬಿಗಿ ಮಾಡಬೇಕು, ಆಗಲೇ ಅದು ಭಾರ ಹೊರುವುದು. ಆದರೆ ಸುತ್ತಿಗೆಯ ಪೆಟ್ಟಿಗೆ ಮಂಚ ಅದುರುತ್ತದೆ. ಬೆಣೆಗಳನ್ನು ಕೈಯಿಂದಲೇ ಒತ್ತಿ ಕೂಡಿಸಿದೆವು. ಕಣ್ಣಿಗೆ ಧೈರ್ಯ, ಅಷ್ಟೇ.

ಇದನ್ನೂ ಓಣಿಯಲ್ಲೇ ತುಳಸಾಬಾಯಿಗೆ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, “ರಾಯರ, ಒಳಗ ಬರ್ರಿ. ಬಂದು ಒಂದ ಮಾತು ಹೇಳ್ರಿ” ಅಂದರು.

“ಏನಂತ ಹೇಳಲಿ, ಕಾಕೂ?”

“ಮನಿ ನಿಲ್ಲತದ ಅಂತ. ದಿನಾ ಮನಿಮನಿಗೆ ಹೋಗಿ ಬೀಳತದ ಬೀಳತದ ಅಂತೀರಿ. ಒಂದ ಸಲ ನಿಲ್ಲತದ ಅನ್ರಿ. ಅಂವ ಕೇಳತಾನ.”

ನನಗೆ ನಗು ಬಂತು, ಸಿಟ್ಟೂ ಬಂತು. ಆದರೆ ಆ ಹೆಂಗಸಿನ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ಹೋಗಿ ವಾಸ್ತುಪುರುಷನಿರುವ ಆಗ್ನೇಯ ಮೂಲೆಯಲ್ಲಿ, ಒಲೆಯ ಪಕ್ಕಕ್ಕೆ ನಿಂತೆ. ನಮ್ಮ ಉದ್ಯೋಗದವರಿಗೆ ಒಂದು ಚಟವಿದೆ. ಯಾವ ಗೋಡೆಗೂ, ಯಾವ ಮಾಡಿಗೂ ನಾವು ಅವಧಿ ಹಾಕದೆ ಭರವಸೆ ಕೊಡುವುದಿಲ್ಲ. ‘ಬರುವ ಮಳೆಗಾಲದ ತನಕ’ ಅನ್ನುತ್ತೇವೆ, ‘ದುರಸ್ತಿ ಆಗುವ ತನಕ’ ಅನ್ನುತ್ತೇವೆ. ಮುಂದೆ ಮೈಮೇಲೆ ಬರಬಾರದಲ್ಲ! ಆ ಚಟದಿಂದಲೇ ನನ್ನ ಬಾಯಿಂದ ಬಂದ ಮಾತು ಇದು: “ಕುಸುಮಾ ಕೂಸಿನ ಜೋಡಿ ಹೊಸ್ತಿಲಾ ದಾಟೂ ತನಕ ಈ ತೊಲಿಗೆ ಏನೂ ಆಗೂದಿಲ್ಲ.” ತುಳಸಾಬಾಯಿ ನೆಲಕ್ಕೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡರು.

ಆ ಮಳೆಗಾಲ ನನಗೆ ನಿದ್ದೆಯಿಲ್ಲ. ಊಟಕ್ಕೆ ಕೂತರೆ ಎದ್ದು ಕಿಟಕಿಗೆ ಹೋಗುತ್ತಿದ್ದೆ, ಮಳೆ ಜೋರಾದರೆ ಕೊಡೆ ಹಿಡಿದು ಆ ಓಣಿಗೆ ಹೋಗಿ ನಿಲ್ಲುತ್ತಿದ್ದೆ. ವಾಡೆ ನಿಂತಿರುತ್ತಿತ್ತು. ಎದುರಿನ ಅಂಗಡಿಯವನು ನನ್ನನ್ನು ನೋಡಿ ನೋಡಿ, “ಸಾಹೇಬ್ರು ಮನಿ ಕೊಳ್ಳವರಿದ್ದೀರೇನು?” ಎಂದು ಮರಾಠಿಯಲ್ಲಿ ಕೇಳಿದ. ಶ್ರಾವಣದಲ್ಲಿ ಕುಸುಮಾ ಗಂಡು ಕೂಸು ಹೆತ್ತಳು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು, ಅಂಗೈಯಷ್ಟು. ಬೆಚ್ಚಗಿಡದಿದ್ದರೆ ಉಳಿಯುವುದಿಲ್ಲ ಎಂದು ಅದೇ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟರು. ಬಾಣಂತಿ ಕೋಣೆಗೆ ಪರಗಂಡಸರು ಕಾಲಿಡುವ ಹಾಗಿಲ್ಲ. ಹೀಗಾಗಿ ಆಸರೆಗಂಬಗಳನ್ನು ನೋಡುವುದಕ್ಕೂ ನನಗೆ ಆಗಲಿಲ್ಲ. ಇನ್ನಾದರೂ ಕೋಣೆ ಬದಲಿಸಿರಿ ಎಂದು ನಾನು ಓಣಿಯಲ್ಲಿ ಗೋಗರೆದರೆ ತುಳಸಾಬಾಯಿ, “ನಿಮ್ಮ ಮಾತು ನಡದದ, ನಡೀಲಿ ಬಿಡ್ರಿ” ಎಂದು ಒಳಗೆ ಹೋಗುತ್ತಿದ್ದರು. ನನ್ನ ಮಾತಂತೆ! ನನಗೇ ನನ್ನ ಮಾತಿನ ಮೇಲೆ ನಂಬಿಕೆಯಿರಲಿಲ್ಲ.

ಅಷ್ಟರಲ್ಲಿ ಬಾರಾಮತಿಯ ಹತ್ತಿರ ಒಂದು ಹಳೆಯ ಮನೆ ಕೆಡವುತ್ತಿದ್ದಾರೆಂದು ತಿಳಿದು, ಓಡಿಹೋಗಿ ಅಲ್ಲಿಂದ ಒಳ್ಳೆಯ ಸಾಗವಾನಿ ತೊಲೆಯೊಂದನ್ನು ಹೊಂದಿಸಿದೆ. ನವರಾತ್ರಿ ಮುಗಿದ ಮೇಲೆ ಕೆಲಸ ಹಿಡಿಯುವುದೆಂದಾಯಿತು. ಅಂದು ಬೆಳಿಗ್ಗೆ ಕುಸುಮಾ ಕೂಸನ್ನು ಕರೆದುಕೊಂಡು ಮೊದಲ ಸಲ ಹೊರಬೀಳುವುದು, ಗಣಪತಿ ಗುಡಿಗೆ ಹೋಗಿ, ಅಲ್ಲಿಂದ ನೇರ ಚಿಕ್ಕಮ್ಮನ ಮನೆಗೆ ಹೋಗುವುದು, ನಾನು ಬಡಗಿಯೊಡನೆ ತೊಲೆ ಬದಲಿಸುವುದು. ನಾನು ಹೋದಾಗ ಬಿಸಿಲು ಚೌಕಕ್ಕೆ ಇಳಿದಿತ್ತು. ಹೊರಗೆ ಟಾಂಗಾ ಬಂದು ನಿಂತಿತ್ತು. ಕುಸುಮಾ ತಲೆಗೆ ಬಟ್ಟೆ ಬಿಗಿದುಕೊಂಡು, ಮಡಿಲಲ್ಲಿ ಕೂಸಿಟ್ಟುಕೊಂಡು ಚೌಕದ ಕಟ್ಟೆಯ ಮೇಲೆ, ಅದೇ ಕೋಣೆಯ ಗೋಡೆಗೆ ಒರಗಿ ಕೂತಿದ್ದಳು. ತಾಯಿ ಗಂಟು ಕಟ್ಟುತ್ತಿದ್ದರು.

ನಾನು ಕೋಣೆಯೊಳಗೆ ಹೋಗಿ ಬಾಗಿ ಒಂದು ಬೆಣೆಯನ್ನು ಮುಟ್ಟಿದೆ. ಅದು ನನ್ನ ಕೈಯಲ್ಲೇ ಬಂತು. ಆಸರೆಗಂಬ ಅಲುಗಾಡಿತು. ಮೇಲೆ ನೋಡಿದರೆ ಅದರ ತಲೆಗೂ ತೊಲೆಗೂ ನಡುವೆ ಬೆರಳು ತೂರುವಷ್ಟು ಸಂದಿ. ಇನ್ನೊಂದರದೂ ಹಾಗೆಯೇ. ತೊಲೆ ಇಳಿದಿದ್ದರೆ ಆಸರೆ ಬಿಗಿಯಬೇಕಿತ್ತಲ್ಲವೇ? ಇದು ಸಡಿಲವಾಗಿತ್ತು. ಮಂಚದ ಮೇಲೆ ಹತ್ತಿ ಗೋಡೆಯ ಗಿಲಾವು ಕೆರೆದೆ. ಹಿಟ್ಟು ಸುರಿಯಿತು. ಕಂಬವಿರಬೇಕಾದ ಜಾಗದಲ್ಲಿ ಕೈ ಹಾಕಿದೆ. ಮೊಣಕೈ ತನಕ ಹೋಯಿತು, ಬೆರಳಿಗೆ ಏನೂ ಹತ್ತಲಿಲ್ಲ. ತೊಲೆಯ ತುದಿ ಗೋಡೆಯನ್ನು ಮುಟ್ಟಿಯೇ ಇರಲಿಲ್ಲ. ಬಡಗಿ ಕೆಳಗಿನಿಂದ ಇದನ್ನು ನೋಡಿ ಹಿಂದೆ ಸರಿದು ಹೊರಗೆ ಹೋದ. ಆಗ ಮಾಳಿಗೆಯಲ್ಲಿ ಮಾಸ್ತರರ ಹೆಂಡತಿ ದಪದಪ ನಡೆದಾಡಿದಳು. ನನ್ನ ಎಡಗೈ ತೊಲೆಯ ಮೇಲಿತ್ತು. ಹೆಜ್ಜೆಯ ಸದ್ದು ಸ್ಪಷ್ಟವಾಗಿ ಕೇಳಿತು, ತೊಲೆ ಒಂದಿಷ್ಟೂ ಅದುರಲಿಲ್ಲ. ಗಟ್ಟಿಮುಟ್ಟಾದ ತೊಲೆ ಕೂಡ ಅದುರುತ್ತದೆ, ಸ್ವಾಮೀ. ಎಷ್ಟೋ ತೊಲೆಗಳ ಮೇಲೆ ಕೈಯಿಟ್ಟವನು ನಾನು. ಮಂಚದಿಂದ ಕೆಳಗಿಳಿದೆ.

ಚೌಕಕ್ಕೆ ಬಂದೆ. ಟಾಂಗಾದವನು ಹೊರಗಿನಿಂದ ಕೂಗುತ್ತಿದ್ದ. ಕುಸುಮಾ ಕೂಸನ್ನು ಎತ್ತಿಕೊಂಡು ಏಳುವುದರಲ್ಲಿದ್ದಳು. ಹತ್ತು ಹೆಜ್ಜೆ ನಡೆದರೆ ತಲಬಾಗಿಲು, ನಾನು ಅವಧಿ ಹಾಕಿದ ಹೊಸ್ತಿಲು; ಮಾಳಿಗೆಯಲ್ಲಿ ಇನ್ನೂ ಜನರಿದ್ದರು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ನಮ್ಮ ಕಸುಬಿನಲ್ಲಿ ಯಾರೂ ಕೇಳುವ ಮಾತೇ ಅಲ್ಲ: ಹತ್ತಿರವಿದ್ದವರನ್ನು ಮೊದಲು, ಅದರಲ್ಲೂ ಎಳೆಗೂಸಿನ ತಾಯಿಯನ್ನು ಎಲ್ಲಕ್ಕಿಂತ ಮೊದಲು ಹೊರಗೆ ದಾಟಿಸಬೇಕು. ನನ್ನ ಬಾಯಿಂದ ಬಂದದ್ದು ಬೇರೆ.

“ಕುಸುಮಾ, ಏಳಬ್ಯಾಡ. ಅಲ್ಲೇ ಕೂಡು.”

ಅವಳು ಕೂತಳು. ತುಳಸಾಬಾಯಿ ತಲೆಯೆತ್ತಿ ನನ್ನ ಮುಖ ನೋಡಿದರು. ನೋಡಿ, ಗಂಟು ಕೈಬಿಟ್ಟು, ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತುಕೊಂಡರು. ನಾನು ಮೆಟ್ಟಿಲು ಹತ್ತಿ ಮಾಳಿಗೆಗೆ ಓಡಿದೆ. ಮಾಸ್ತರರಿಗೆ, “ಎಲ್ಲಾರೂ ಹೊರಗ ನಡೀರಿ, ಈಗಿಂದೀಗ” ಎಂದು ಮರಾಠಿಯಲ್ಲಿ ಹೇಳಿದೆ. ಯಾಕೆಂದು ಹೇಳಲಿಲ್ಲ. ಬೀಳುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡೆ. ಅವರ ಹೆಂಡತಿ ಒಲೆಯ ಮೇಲಿನ ಬೇಳೆ ಇಳಿಸುತ್ತೇನೆಂದು ನಿಂತಳು. ಅವರ ತಾಯಿಗೆ ನಡೆಯಲಾಗದು. ಮಾಸ್ತರರೂ ನಾನೂ ಮುದುಕಿಯನ್ನು ಕುರ್ಚಿಯ ಮೇಲೆ ಕೂಡಿಸಿಕೊಂಡು ಆ ಇಕ್ಕಟ್ಟಿನ ಮೆಟ್ಟಿಲಿಳಿದು ಬರುವಷ್ಟರಲ್ಲಿ ಒಂದು ಯುಗ ಕಳೆದಂತಾಯಿತು. ಮತ್ತೆ ಒಳಗೆ ಬಂದು ಹಿಂದಿನ ಕೋಣೆಗಳ ಬಾಡಿಗೆದಾರರನ್ನು ಎಬ್ಬಿಸಿದೆ. ಪ್ರತಿ ಸಲ ಚೌಕ ದಾಟುವಾಗ ಕುಸುಮಾ ನನ್ನನ್ನು ನೋಡುತ್ತಿದ್ದಳು. ಎಲ್ಲರೂ ಅವಳ ಮುಂದಿನಿಂದಲೇ ಹೊರಗೆ ಹೋಗುತ್ತಿದ್ದರು. ಕೂಸು ಅಳತೊಡಗಿತು. ಅವಳು ಅದನ್ನು ಎದೆಗೆ ಅವಚಿಕೊಂಡು ಆ ಗೋಡೆಗೆ ಒರಗಿಯೇ ಕೂತಿದ್ದಳು.

ಕೊನೆಗೆ ಒಳಗೆ ಉಳಿದವರು ನಾವು ಮೂವರು ಮತ್ತು ಕೂಸು. “ಕಾಕೂ, ನೀವು ಮುಂದ ನಡೀರಿ” ಅಂದೆ. “ಇಲ್ಲರಿ, ಆಕಿ ಜೋಡೀನ ಬರ್ತೇನಿ” ಅಂದರು. ಕುಸುಮಾಳನ್ನು ಎಬ್ಬಿಸಿ ನಡೆಸಿದೆವು. ತಾಯಿ ಮಗಳು ಹೊಸ್ತಿಲು ದಾಟಿದರು. ನಾನು ಹಿಂದೆಯೇ ಇದ್ದೆ. ನನ್ನ ಒಂದು ಕಾಲು ಇನ್ನೂ ಒಳಗಿರುವಾಗಲೇ ಹಿಂದೆ ಗೋದಿಯ ಚೀಲ ನೆಲಕ್ಕೆ ಇಳಿಸಿದಂಥ ಸದ್ದಾಯಿತು. ದೊಡ್ಡ ಸದ್ದೇನಲ್ಲ. ಬೆನ್ನಿಗೆ ಧೂಳು ಬಂದು ಬಡಿಯಿತು. ತಿರುಗಿ ನೋಡಿದಾಗ ಆ ಕೋಣೆಯಿರಲಿಲ್ಲ, ಮಾಸ್ತರರ ಮಾಳಿಗೆಯಿರಲಿಲ್ಲ, ಕುಸುಮಾ ಕೂತಿದ್ದ ಕಟ್ಟೆ ಇಟ್ಟಿಗೆಯ ಕೆಳಗೆ ಹೋಗಿತ್ತು.

ಯಾರಿಗೂ ಒಂದು ಗೀರೂ ಆಗಲಿಲ್ಲ. ಮನೆ ಮಾತ್ರ ಉಳಿಯಲಿಲ್ಲ. ನಗರಸಭೆಯವರು ಬಂದು ಉಳಿದದ್ದನ್ನೂ ಕೆಡವಿಸಿದರು. ಬಾರಾಮತಿಯಿಂದ ಬಂದ ತೊಲೆ ಓಣಿಯಲ್ಲೇ ಬಿದ್ದುಕೊಂಡಿತ್ತು. ತುಳಸಾಬಾಯಿ ತಂಗಿಯ ಮನೆ ಸೇರಿದರು. ಅತ್ತದ್ದನ್ನು ನಾನು ನೋಡಲಿಲ್ಲ. ಒಮ್ಮೆ ಮಾತ್ರ, “ದಾಟೂ ತನಕ ಅಂತ ಯಾಕಂದ್ರಿ ರಾಯರ? ಬರೇ ನಿಲ್ಲತದ ಅಂದಿದ್ರ ಸಾಕಾಗಿತ್ತಲ್ಲ” ಅಂದರು. ಬೈಗುಳದ ಧಾಟಿಯೇನೂ ಇರಲಿಲ್ಲ.

ನನ್ನ ಹಳೆಯ ಇಂಜಿನಿಯರ್ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. ಅವನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ: ಮಾಳಿಗೆಯ ಹಲಗೆ, ಜಂತಿಗಳೆಲ್ಲ ವರ್ಷಾನುಗಟ್ಟಲೆ ಒಂದಕ್ಕೊಂದು ಬಿಗಿದುಕೊಂಡು ತಾವೇ ತೊಲೆಯನ್ನು ಎತ್ತಿ ಹಿಡಿದಿರಬೇಕು, ಅಷ್ಟು ಜನ ದಡಬಡಿಸಿ ಇಳಿದಾಗ ಆ ಬಿಗಿ ತಪ್ಪಿತು. ಇರಬಹುದು. ಒಪ್ಪುವ ಮಾತೇ. ಹಾಗಾದರೆ ಕುಸುಮಾಳ ಕಾಲು ಹೊರಗೆ ಬೀಳುವ ತನಕ ಯಾಕೆ ಕಾಯಿತು ಎಂದರೆ, ಕಾಕತಾಳೀಯ ಅಂದ. ಅದನ್ನೂ ಒಪ್ಪುತ್ತೇನೆ. ಮನೆಯ ವಿಚಾರಕ್ಕೆ ಏನಾದರೊಂದು ಉತ್ತರ ಹೊಂದಿಸಬಹುದು. ಯಾವ ಲೆಕ್ಕಕ್ಕೂ ಹೊಂದದವನು ನಾನು. ಒಂದು ಕಾಳಿನಷ್ಟೂ ನಂಬದ ಮಾತಿನ ಮೇಲೆ ಒಂದು ಹಸುಗೂಸನ್ನೂ ಅದರ ತಾಯಿಯನ್ನೂ ಅಲ್ಲಿ ಕೂಡಿಸಿದವರು ಯಾರು? ನಾನೇ? ಇದನ್ನು ನೆನೆದಾಗಲೆಲ್ಲ ಎದ್ದು ಕೋಣೆಯ ತುಂಬ ಓಡಾಡುತ್ತೇನೆ.

ಯುದ್ಧ ಮುಗಿದ ಮೇಲೆ ಕೆಲಸದ ನಿಮಿತ್ತ ಇಂದಾಪುರಕ್ಕೆ ಹೋಗಿದ್ದೆ. ಕುಸುಮಾಳ ಮನೆಗೂ ಹೋದೆ. ಅವಳ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ನಾನು ಮೂಲೆಯಲ್ಲಿ ನಿಂತು ಆಡಿದ ಮಾತನ್ನು ಮಗಳಿಗೆ ಅವರು ಎಂದೂ ಹೇಳಿರಲಿಲ್ಲವೆಂದು ಮಾತಿನಲ್ಲಿ ತಿಳಿಯಿತು. ಅವಳು ಚಹಾ ತಂದಿಟ್ಟು ಎದುರಿಗೆ ಕೂತಳು. ಸ್ವಲ್ಪ ಹೊತ್ತು ಅದೂ ಇದೂ ಆಡಿ, ಆಮೇಲೆ ತಲೆ ತಗ್ಗಿಸಿಕೊಂಡು ಕೇಳಿದಳು.

“ಮಾಮಾ, ಭಾಳ ದಿನದಿಂದ ಕೇಳಬೇಕಂತಿದ್ದೆ. ಅವತ್ತ ಎಲ್ಲಾರನ್ನೂ ಹೊರಗ ಕಳಿಸಿದ್ರಿ. ಕೂಸಿನ್ನ ಹಿಡಕೊಂಡು ಕೂತಾಕಿನ್ನ ಕಡೀಗೆ ಯಾಕ ಇಟ್ರಿ?”

ಹಿತ್ತಲಿನಲ್ಲಿ ಆಡುತ್ತಿದ್ದ ಅವಳ ಮಗ ಕೆಸರುಗಾಲಲ್ಲೇ ಓಡಿಬಂದು ಅವಳ ತೊಡೆ ಏರಿ ಕೂತ. ಅವಳು ಅವನ ಕಾಲು ಒರೆಸುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ಚಹಾ ಆರಿತು. ನಾನು ಎದ್ದು ಅವರ ಮನೆಯ ಹೊಸ್ತಿಲು ದಾಟಿ ಬಂದೆ.